ಲೆಕ್ಕ ಕೇಳಿದವನನ್ನು ಫಿತ್ನಾ ಎನ್ನಬೇಡಿ: ಜಮಾಅತ್ ಸಮಿತಿಗಳಿಗೂ ಖತೀಬರಿಗೂ ಒಂದು ಬಹಿರಂಗ ಪತ್ರ

ಮಸೀದಿಗಳ ಆಡಳಿತ ನೋಡುವ ಕರಾವಳಿಯ ಜಮಾಅತ್ ಸಮಿತಿಗಳ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ ಹಾಗೂ ಜುಮಾ (ಶುಕ್ರವಾರ) ದಿನ ಮಿಂಬರ್ ಎಂಬ ಪ್ರವಚನಪೀಠ ಏರುವ ಗೌರವಾನ್ವಿತ ಖತೀಬರಿಗೆ,

ಅಸ್ಸಲಾಮು ಅಲೈಕುಂ.

ನಾನು ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯವಳು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಮನೆ ಇರುವುದು ಮಸೀದಿಯ ಹಿಂದಿನ ಓಣಿಯಲ್ಲಿ. ಖುತ್ಬಾ ಪ್ರವಚನಕ್ಕೆ ಮೊದಲು ಉಸ್ತಾದರು, ಎಂದರೆ ಖತೀಬರು, ಮಾಡುವ ಭಾಷಣ ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಈ ಪತ್ರಕ್ಕೆ ಕಾರಣವಾದ ಮಾತು ನನ್ನ ಕಿವಿಗೆ ಬಿದ್ದದ್ದು ಹಾಗೆ.

ನಡೆದದ್ದು ಇಷ್ಟು. ಮಸೀದಿಗೆ ರಸ್ತೆಬದಿಯಲ್ಲಿ ಅಂಗಡಿಗಳಿವೆ, ಬಾಡಿಗೆ ಬರುತ್ತದೆ. ಗಲ್ಫಿನಲ್ಲಿರುವ ನಮ್ಮ ಮಕ್ಕಳು ಕಳಿಸುವ ದೇಣಿಗೆಯೂ ಸೇರುತ್ತದೆ. ರಜೆಯಲ್ಲಿ ಊರಿಗೆ ಬಂದಿದ್ದ ಯುವಕನೊಬ್ಬ ಮಹಾಸಭೆಯಲ್ಲಿ ಎದ್ದು ನಿಂತು, ಬಾಡಿಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಲೆಕ್ಕಪತ್ರವನ್ನು ನೋಟಿಸ್ ಬೋರ್ಡಿಗೆ ಹಾಕಬಹುದಲ್ಲವೇ ಎಂದು ಕೇಳಿದ. ಮಹಾಸಭೆಗೆ ಹೆಂಗಸರಿಗೆ ಕರೆಯಿಲ್ಲ, ಆದ್ದರಿಂದ ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಹೋಗಿ ಬಂದ ಹಲವು ಮನೆಯವರು ಒಂದೇ ರೀತಿ ಹೇಳಿದ್ದನ್ನು ಬರೆದಿದ್ದೇನೆ. ಮರುವಾರದ ಭಾಷಣವನ್ನು ಮಾತ್ರ ನಾನೇ ಕೇಳಿದೆ. ಹೆಸರು ಹೇಳಲಿಲ್ಲ, ಆದರೆ ಯಾರ ಬಗ್ಗೆ ಎಂದು ಊರಿಗೆಲ್ಲ ಗೊತ್ತಾಗುವಂತೆ, ಹೊರಗಿನಿಂದ ಬಂದು ಜಮಾಅತಿನಲ್ಲಿ ಫಿತ್ನಾ, ಎಂದರೆ ಒಡಕು, ಎಬ್ಬಿಸುವವರಿದ್ದಾರೆ ಎಂದರು. ನಂತರ ಅರಬಿಯಲ್ಲಿ "ವಲ್ ಫಿತ್ನತು ಅಶದ್ದು ಮಿನಲ್ ಕತ್ಲ್", ಫಿತ್ನಾ ಕೊಲೆಗಿಂತಲೂ ಘೋರ ಎಂದು ಓದಿದರು. ಆ ಹುಡುಗನ ತಂಗಿಯ ನಿಕಾಹ್‌ಗೆ ಬೇಕಿದ್ದ ಜಮಾಅತಿನ ಪತ್ರ ಇವತ್ತು ನಾಳೆ ಎನ್ನುತ್ತಾ ಮುಂದಕ್ಕೆ ಹೋಯಿತು. ಅವನ ತಾಯಿ ಓಣಿಯಲ್ಲಿ ತಲೆ ತಗ್ಗಿಸಿ ನಡೆಯುವುದನ್ನು ನೋಡಿದ್ದೇನೆ. ಬಾಡಿಗೆಯ ಲೆಕ್ಕ ಕೇಳಿದವನು ಕೊಲೆಗಾರನಿಗಿಂತ ಕಡೆ ಎಂಬ ತೀರ್ಪನ್ನು ಹೊತ್ತ ಮನೆ ಅದು.

ಇದು ನಮ್ಮ ಪೇಟೆಯೊಂದರ ಸಮಸ್ಯೆಯಾಗಿದ್ದರೆ ಅಧ್ಯಕ್ಷರ ಮನೆಗೇ ಹೋಗಿ ಹೇಳುತ್ತಿದ್ದೆ. ಬೇರೆ ಬೇರೆ ಊರುಗಳಲ್ಲಿ ಮದುವೆಯಾಗಿ ಹೋದ ನಮ್ಮ ಹೆಣ್ಣುಮಕ್ಕಳೂ ಇದೇ ಕಥೆ ಹೇಳುತ್ತಾರೆ. ಮದ್ರಸದ ಮುಅಲ್ಲಿಮರ (ಶಿಕ್ಷಕರ) ಸಂಬಳ ಸಾಲದು ಎಂದವನು ಫಿತ್ನಾ. ತಂದೆಯ ಆಸ್ತಿಯಲ್ಲಿ ಶರೀಅತ್ ಕೊಟ್ಟ ಪಾಲನ್ನು ಕೇಳಿದ ಮಗಳು ಫಿತ್ನಾ. ಆದ್ದರಿಂದ ಪತ್ರ ಎಲ್ಲರಿಗೂ.

ಖತೀಬರೇ, ನೀವು ಓದಿದ ಆ ವಾಕ್ಯ ಕುರ್‌ಆನಿನ ಸೂರಾ (ಅಧ್ಯಾಯ) ಅಲ್ ಬಕರದ 191ನೇ ಸೂಕ್ತದ ನಡುವಿನ ತುಂಡು. ಅದರ ಹಿಂದಿನ ಸೂಕ್ತ ನಿಮ್ಮೊಂದಿಗೆ ಯುದ್ಧ ಮಾಡುವವರ ವಿರುದ್ಧ ಮಾತ್ರ ಹೋರಾಡಿ, ಮೇರೆ ಮೀರಬೇಡಿ ಎನ್ನುತ್ತದೆ. ಅದೇ ಸೂಕ್ತದಲ್ಲಿ, ಫಿತ್ನಾ ಎಂಬ ಪದಕ್ಕೆ ತುಸು ಮೊದಲು, ನಿಮ್ಮನ್ನು ಎಲ್ಲಿಂದ ಹೊರಹಾಕಿದರೋ ಎಂಬ ಮಾತಿದೆ. ಹೊರಹಾಕಿಸಿಕೊಂಡವರು ಮಕ್ಕಾದ ಮುಸ್ಲಿಮರು, ಹೊರಹಾಕಿದವರು ಊರಿನ ಯಜಮಾನಿಕೆ ಹಿಡಿದಿದ್ದ ಕುರೈಷರು. 217ನೇ ಸೂಕ್ತದಲ್ಲಿ "ಫಿತ್ನಾ ಕೊಲೆಗಿಂತ ದೊಡ್ಡದು" ಎಂಬ ಮಾತು ಮತ್ತೆ ಬರುತ್ತದೆ. ಅಲ್ಲಿಯ ಹಿನ್ನೆಲೆ ನಿಮಗೆ ಚೆನ್ನಾಗಿ ಗೊತ್ತು. ಹಿಜರಿ 2ನೇ ವರ್ಷ ನಖ್ಲಾ ಎಂಬಲ್ಲಿ ಅಬ್ದುಲ್ಲಾ ಇಬ್ನ್ ಜಹ್ಶ್(ರ) ಅವರ ಮುಸ್ಲಿಂ ತಂಡ ಕುರೈಷರ ಕಾರವಾನಿನ ಮೇಲೆ ಬಿದ್ದಾಗ ಒಬ್ಬ ಸತ್ತ. ಪವಿತ್ರ ತಿಂಗಳಲ್ಲಿ ರಕ್ತ ಹರಿಸಿದರಲ್ಲ ಎಂದು ಕುರೈಷರು ಬೊಬ್ಬೆ ಹಾಕಿದರು. ಆ ತಿಂಗಳಲ್ಲಿ ಕಾದಾಡುವುದು ದೊಡ್ಡ ತಪ್ಪೇ ಎಂದು ಕುರ್‌ಆನ್ ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡು, ಜನರನ್ನು ದೇವಮಾರ್ಗದಿಂದ ತಡೆಯುವುದು, ಮಸ್ಜಿದುಲ್ ಹರಾಮಿನಿಂದ ಅದರ ಜನರನ್ನೇ ಅಟ್ಟುವುದು ಅದಕ್ಕಿಂತ ದೊಡ್ಡ ತಪ್ಪು ಎನ್ನುತ್ತದೆ.

ಅಲ್ಲಿ ಫಿತ್ನಾ ಮಾಡುತ್ತಿದ್ದವರು ಯಾರು? ಬಿಲಾಲ್(ರ) ಅವರನ್ನು ಸುಡುವ ಮರಳಿನ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿದವರು. ಅಮ್ಮಾರ್(ರ) ಅವರ ಮನೆಯವರನ್ನು ಹಿಂಸಿಸಿ ಅವರ ತಾಯಿ ಸುಮಯ್ಯಾ(ರ) ಅವರನ್ನು ಕೊಂದವರು. ನಂಬಿದವನನ್ನು ಹಿಂಸೆಯಿಂದ ನಂಬಿಕೆ ಬಿಡಿಸುವುದು ಅವನನ್ನು ಕೊಲ್ಲುವುದಕ್ಕಿಂತ ಘೋರ ಎಂದೇ ಕುರ್‌ಆನ್ ವ್ಯಾಖ್ಯಾನಕಾರ ಇಮಾಂ ತಬರಿ ಈ ಸೂಕ್ತವನ್ನು ವಿವರಿಸಿದ್ದಾರೆ. ಎಂದರೆ ಕುರ್‌ಆನಿನ ಈ ಜಾಗದಲ್ಲಿ ಫಿತ್ನಾ ಮೇಲಿನಿಂದ ಕೆಳಗೆ ಇಳಿಯುತ್ತದೆ. ಅಧಿಕಾರ ಇದ್ದವನು ಇಲ್ಲದವನ ಮೇಲೆ ಎಸಗುವ ಅಪರಾಧ ಅದು. ನಮ್ಮ ಮಿಂಬರ್‌ಗಳಲ್ಲಿ ಅದು ತಲೆಕೆಳಗಾಗಿದೆ. ಕುರ್ಚಿಯಲ್ಲಿ ಕುಳಿತವರು ಕೆಳಗೆ ಚಾಪೆಯ ಮೇಲೆ ಕುಳಿತವನನ್ನು ತೋರಿಸಿ ಫಿತ್ನಾ ಎನ್ನುತ್ತಿದ್ದಾರೆ. ನನ್ನ ಮುಖ್ಯ ದೂರು ಇದೇ.

ಈ ಪದವನ್ನು ಹೀಗೆ ತಿರುಗಿಸುವುದಕ್ಕೆ ತಕರಾರು ಎತ್ತಿದವಳು ನಾನೇ ಮೊದಲಲ್ಲ. ಪ್ರವಾದಿಯ ಸಂಗಾತಿ ಅಬ್ದುಲ್ಲಾ ಇಬ್ನ್ ಉಮರ್(ರ) ಅವರ ಬಳಿ ಬಂದು, ಫಿತ್ನಾ ಇಲ್ಲವಾಗುವ ತನಕ ಹೋರಾಡಿ ಎಂದು ಅಲ್ಲಾಹನು ಹೇಳಿಲ್ಲವೇ, ನೀವೇಕೆ ಸುಮ್ಮನಿದ್ದೀರಿ ಎಂದು ಕೇಳಿದವರಿಗೆ ಅವರು ಕೊಟ್ಟ ಉತ್ತರ ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಫಿತ್ನಾ ಇಲ್ಲವಾಗುವ ತನಕ ನಾವು ಹೋರಾಡಿದೆವು, ನೀವು ಫಿತ್ನಾ ಉಂಟಾಗುವ ತನಕ ಹೋರಾಡಬಯಸುತ್ತೀರಿ ಎಂಬುದು ಅದರ ತಾತ್ಪರ್ಯ. ಇನ್ನೊಂದು ಸಂದರ್ಭದಲ್ಲಿ, ಫಿತ್ನಾ ಎಂದರೇನೆಂದು ನಿನಗೆ ಗೊತ್ತೇ ಎಂದು ಕೇಳಿ, ನಿಮ್ಮ ಕಾದಾಟ ಅಧಿಕಾರಕ್ಕಾಗಿ ಎಂದು ಮುಖಕ್ಕೆ ಹೇಳಿದರು. ಸೂಕ್ತ ಹಿಡಿದುಕೊಂಡು ಬಂದವನಿಗೆ, ಆ ಸೂಕ್ತ ಇಳಿದ ಕಾಲವನ್ನು ಕಂಡಿದ್ದವರು ಕೊಟ್ಟ ಉತ್ತರ ಇದು.

ಈಗ ಪದದ ಬೇರಿಗೆ ಬರುತ್ತೇನೆ. ನಿಮಗೆ ಪಾಠ ಹೇಳುವ ಉದ್ದೇಶ ನನಗಿಲ್ಲ, ನನ್ನಂತೆ ಅರಬಿ ಬಾರದ ಓದುಗರಿಗಾಗಿ ಇಷ್ಟು. ಇಬ್ನ್ ಮನ್ಝೂರ್ ಅವರ ಲಿಸಾನುಲ್ ಅರಬ್ ನಿಘಂಟು, ಈ ಪದದ ಮೂಲದಲ್ಲಿರುವುದು ಚಿನ್ನ ಬೆಳ್ಳಿಯನ್ನು ಬೆಂಕಿಯಲ್ಲಿ ಕರಗಿಸಿ ಖೋಟಾ ಯಾವುದು ಅಸಲು ಯಾವುದು ಎಂದು ಬೇರ್ಪಡಿಸುವ ಕೆಲಸ ಎನ್ನುತ್ತದೆ. ಕನ್ನಡದಲ್ಲಿ ನಾವು ಪುಟಕ್ಕಿಡುವುದು ಎನ್ನುತ್ತೇವೆ. ಪುಟಕ್ಕಿಟ್ಟ ಚಿನ್ನ ಎಂದು ಒಳ್ಳೆಯವರನ್ನು ಹೊಗಳುವ ನುಡಿ ನಮ್ಮಲ್ಲಿ ಇದ್ದೇ ಇದೆ. ಸೂರಾ ಅದ್ದಾರಿಯಾತ್‌ನ 13ನೇ ಸೂಕ್ತ ಅವರನ್ನು ಬೆಂಕಿಯ ಮೇಲೆ ಇಡುವ ದಿನ ಎನ್ನುವಾಗ ಇದೇ ಧಾತುವಿನಿಂದ ಬಂದ ಕ್ರಿಯಾಪದ ಬಳಸಿದೆ. ಈ ಬೆಂಕಿಯಿಂದಲೇ ಪರೀಕ್ಷೆ ಎಂಬ ಅರ್ಥ ಬಂತು, ಹಿಂಸೆ ಬಂತು, ಆಮಿಷ ಬಂತು, ಕೊನೆಗೆ ಸಮುದಾಯ ಹೋಳಾಗುವ ಕಲಹವೂ ಬಂತು. ಮಲಯ, ಇಂಡೊನೇಷ್ಯಾದ ಕಡೆ ಹೋದರೆ ಫಿತ್ನಾ ಎಂದರೆ ಒಬ್ಬನ ಮೇಲೆ ಸುಳ್ಳು ಅಪವಾದ ಹೊರಿಸುವುದು. ಉರ್ದುವಿನಲ್ಲಿ ಫಿತ್ನಾ ಫಸಾದ್ ಎಂಬ ಜೋಡಿ ಬಿಡಿಸಲಾಗದಂತೆ ಅಂಟಿಕೊಂಡಿದೆ, ಅದೇ ಉರ್ದುವಿನ ಕವಿಗಳಿಗೆ ನಲ್ಲೆಯ ಕಣ್ಣೋಟವೂ ಫಿತ್ನಾ. ಈಜಿಪ್ಟಿನಲ್ಲಿ ಫಾತಿನ್ ಎಂದು ಹೆಣ್ಣುಮಕ್ಕಳಿಗೆ ಹೆಸರಿಡುತ್ತಾರೆ, ಮನಸೆಳೆಯುವವಳು ಎಂದರ್ಥ.

ಕುರ್‌ಆನಿನಲ್ಲಿ ಹೆಚ್ಚಿನ ಕಡೆ ಇದು ಪರೀಕ್ಷೆಯೇ. ಕೆಡುಕಿನಿಂದಲೂ ಒಳಿತಿನಿಂದಲೂ ನಿಮ್ಮನ್ನು ಪರೀಕ್ಷಿಸುತ್ತೇವೆ ಎಂಬುದು ಸೂರಾ ಅಲ್ ಅಂಬಿಯಾದ 35ನೇ ಸೂಕ್ತ. ಆದರೆ ಸಮಿತಿಯವರು ದಯವಿಟ್ಟು ಕುಳಿತು ಓದಬೇಕಾದದ್ದು ಸೂರಾ ಅಲ್ ಅನ್‌ಫಾಲ್. ನಿಮ್ಮ ಸಂಪತ್ತು, ನಿಮ್ಮ ಮಕ್ಕಳು ಫಿತ್ನಾ ಎಂದು ಅದರ 28ನೇ ಸೂಕ್ತ ಹೇಳುತ್ತದೆ. ಇದನ್ನು ಬಹಳ ಸಲ ಭಾಷಣಗಳಲ್ಲಿ ಕೇಳಿದ್ದೇವೆ, ಗಲ್ಫಿನ ದುಡ್ಡಿನಲ್ಲಿ ದೊಡ್ಡ ಮನೆ ಕಟ್ಟಿದವರನ್ನು ಎಚ್ಚರಿಸಲು. ಅದರ ಹಿಂದಿನ 27ನೇ ಸೂಕ್ತವನ್ನು ಜೊತೆಗೆ ಓದಿದ್ದನ್ನು ಮಾತ್ರ ಅಷ್ಟಾಗಿ ಕೇಳಿಲ್ಲ. ನಿಮಗೆ ಒಪ್ಪಿಸಿದ ಅಮಾನತ್ತುಗಳಿಗೆ ಗೊತ್ತಿದ್ದೂ ದ್ರೋಹ ಬಗೆಯಬೇಡಿ ಎನ್ನುತ್ತದೆ ಅದು. ಅಮಾನತ್ತು ಮೊದಲು, ಸಂಪತ್ತಿನ ಫಿತ್ನಾ ಅದರ ಬೆನ್ನಿಗೆ. ಹಾಗೆ ನೋಡಿದರೆ ಫಿತ್ನಾ ಇರುವುದು ಮಸೀದಿಯ ಅಲ್ಮಾರಿನೊಳಗಿನ ಬಾಡಿಗೆ ಹಣದಲ್ಲಿ. ಪರೀಕ್ಷೆಗೆ ಕುಳಿತವರು ಅದರ ಕೀಲಿ ಹಿಡಿದವರು. ಹುಡುಗ ಕೇಳಿದ್ದು ಉತ್ತರಪತ್ರಿಕೆಯನ್ನು ತೋರಿಸಿ ಎಂದಷ್ಟೇ. ತೋರಿಸಿದ್ದರೆ ನಿಮ್ಮ ಪ್ರಾಮಾಣಿಕತೆ ಊರಿಗೆಲ್ಲ ತಿಳಿಯುತ್ತಿತ್ತು. ಹಣ ತಿಂದಿದ್ದಾರೆ ಎಂದು ನಾನು ಹೇಳುತ್ತಿಲ್ಲ, ಹೇಳಲು ನನ್ನಲ್ಲಿ ಪುರಾವೆಯಿಲ್ಲ, ಆ ಹುಡುಗನೂ ಹಾಗೆ ಹೇಳಿರಲಿಲ್ಲ.

ನಿಮ್ಮ ಉತ್ತರ ಏನಿರಬಹುದೆಂದು ಊಹಿಸಬಲ್ಲೆ. ತಂಗೀ, ಹೊರಗೆ ಕಾಲ ಸರಿಯಿಲ್ಲ, ಒಳಗೆ ನಾವೇ ಕಚ್ಚಾಡಿದರೆ ಗತಿಯೇನು ಎನ್ನುತ್ತೀರಿ. ಒಡಕಿನ ಭಯ ಸುಳ್ಳಲ್ಲ. ಇಸ್ಲಾಮಿನ ಇತಿಹಾಸದಲ್ಲಿ ಫಿತ್ನಾ ಎಂಬ ಹೆಸರು ಅಂಟಿದ ಕಾಲಗಳನ್ನು ಪಾಠ ಮಾಡುವಾಗ ನನಗೂ ಗಂಟಲು ಕಟ್ಟುತ್ತದೆ. 656ರಲ್ಲಿ ಮದೀನಾದಲ್ಲಿ ಖಲೀಫ ಉಸ್ಮಾನ್(ರ) ಅವರನ್ನು ಅವರ ಮನೆಯಲ್ಲೇ ಕೊಂದರು. ಅದೇ ವರ್ಷ ಬಸ್ರಾದ ಬಳಿ ಜಮಲ್ ಯುದ್ಧ, 657ರಲ್ಲಿ ಯೂಫ್ರೆಟಿಸ್ ದಂಡೆಯ ಸಿಫ್ಫೀನ್. ಎರಡೂ ಕಡೆ ಸಹಾಬಿಗಳು, ಪ್ರವಾದಿಯ ಸಂಗಾತಿಗಳು. 661ರಲ್ಲಿ ಕೂಫಾದಲ್ಲಿ ಅಲಿ(ರ) ಅವರ ಹತ್ಯೆ. ಇಪ್ಪತ್ತು ವರ್ಷ ತುಂಬುವ ಮೊದಲೇ ಎರಡನೆಯ ಫಿತ್ನಾ, 680ರ ಕರ್ಬಲಾ, ಮಕ್ಕಾದ ಮುತ್ತಿಗೆ. 11ನೇ ಶತಮಾನದ ಮೊದಲ ದಶಕಗಳಲ್ಲಿ ಕಾರ್ಡೊಬಾದ ಖಿಲಾಫತ್ತನ್ನು ಚೂರುಚೂರು ಮಾಡಿದ ಅಂತಃಕಲಹವನ್ನೂ ಅರಬಿ ಇತಿಹಾಸಕಾರರು ಫಿತ್ನಾ ಎಂದೇ ಕರೆದರು. ಫಿತ್ನಾದ ಕಾಲದಲ್ಲಿ ನಿಂತವನಿಗಿಂತ ಕುಳಿತವನು ಲೇಸು, ನಡೆಯುವವನಿಗಿಂತ ನಿಂತವನು ಲೇಸು ಎಂಬ ಪ್ರವಾದಿವಚನದ ಭಾರ ಇಂಥ ಕಾಲದಲ್ಲಿ ಬದುಕಿದವರಿಗೆ ತಿಳಿದಿತ್ತು. ಸಅದ್ ಇಬ್ನ್ ಅಬೀ ವಕ್ಕಾಸ್(ರ) ಅವರಂಥ ವೀರರೇ ಕತ್ತಿ ಹಿಡಿಯದೆ ದೂರ ಉಳಿದರು.

ಆ ಕತ್ತಿಗಳಿಗೂ ನಮ್ಮ ಮಹಾಸಭೆಯ ಪ್ರಶ್ನೆಗೂ ಏನು ಸಂಬಂಧ? ಮತ್ತೊಂದು ವಿಷಯವನ್ನು ನೀವು ಭಾಷಣದಲ್ಲಿ ಬಿಟ್ಟುಬಿಡುತ್ತೀರಿ. ಮೊದಲ ಫಿತ್ನಾ ಮುಗಿದದ್ದು ಹೇಗೆ? ಕೂಫಾದ ಜನರ ಬೈಅತ್ (ನಿಷ್ಠೆಯ ಪ್ರಮಾಣ) ಪಡೆದು ಅಧಿಕಾರದಲ್ಲಿದ್ದ ಅಲಿ(ರ) ಅವರ ಮಗ, ಪ್ರವಾದಿಯ ಮೊಮ್ಮಗ ಹಸನ್(ರ) ಅವರು 661ರಲ್ಲಿ ಅದನ್ನು ಎದುರು ಬಣದ ಮುಆವಿಯ(ರ) ಅವರಿಗೆ ಬಿಟ್ಟುಕೊಟ್ಟರು. ಈ ನನ್ನ ಮಗ ನಾಯಕ, ಮುಸ್ಲಿಮರ ಎರಡು ದೊಡ್ಡ ಗುಂಪುಗಳನ್ನು ಅಲ್ಲಾಹನು ಇವನ ಮೂಲಕ ಒಂದುಗೂಡಿಸಬಹುದು ಎಂದು ಪ್ರವಾದಿ(ಸ) ಅವರು ಹೇಳಿದ್ದು ಬುಖಾರಿಯಲ್ಲೇ ಇದೆ. ಹಿಜರಿ 41ರ ಆ ವರ್ಷಕ್ಕೆ ಬಂದ ಹೆಸರು ಆಮುಲ್ ಜಮಾಅ, ಜಮಾಅತಿನ ವರ್ಷ. ನಿಮ್ಮ ಲೆಟರ್‌ಹೆಡ್ಡಿನ ಮೇಲಿರುವ ಅದೇ ಪದ. ಅವತ್ತು ಜಮಾಅತ್ ಕೂಡಿಬಂದದ್ದು ಅಧಿಕಾರದಲ್ಲಿದ್ದವರು ಒಂದು ಹೆಜ್ಜೆ ಹಿಂದಿಟ್ಟಿದ್ದರಿಂದ. ನಿಮ್ಮಲ್ಲಿ ಯಾರ ಕುರ್ಚಿಯನ್ನೂ ನಾವು ಕೇಳುತ್ತಿಲ್ಲ, ರಸೀದಿ ಪುಸ್ತಕ ಕೇಳುತ್ತಿದ್ದೇವೆ.

ಅಬೂಬಕರ್(ರ) ಅವರು ಖಲೀಫರಾದಾಗ ಮಾಡಿದ ಮೊದಲ ಭಾಷಣವೂ ನಿಮಗೆ ಬಾಯಿಪಾಠ. ಸರಿಯಾಗಿ ನಡೆದರೆ ನೆರವಾಗಿ, ತಪ್ಪಿದರೆ ನನ್ನನ್ನು ತಿದ್ದಿ ಎಂದವರು ಅವರು.

ಪ್ರಶ್ನೆಯನ್ನು ಫಿತ್ನಾ ಎಂದು ಕರೆದು ಬಾಯಿ ಮುಚ್ಚಿಸುವುದನ್ನು ಯಾರು ರೂಢಿ ಮಾಡಿಕೊಂಡಿದ್ದಾರೆ ಎಂದು ನಮ್ಮ ಕಾಲದಲ್ಲೇ ನೋಡಿ. 2011ರ ಮಾರ್ಚಿನಲ್ಲಿ ಸಿರಿಯಾದ ದರಾ ಪಟ್ಟಣದಲ್ಲಿ, ಗೋಡೆಬರಹಕ್ಕಾಗಿ ಮಕ್ಕಳನ್ನು ಬಂಧಿಸಿದ್ದಕ್ಕೆ ಜನ ಬೀದಿಗಿಳಿದರು. ಆ ತಿಂಗಳ 30ರಂದು ಆಗಿನ ಅಧ್ಯಕ್ಷ ಬಷರ್ ಅಲ್ ಅಸದ್ ಸಂಸತ್ತಿನಲ್ಲಿ ನಿಂತು ಇದೆಲ್ಲ ಫಿತ್ನಾ, ಅದನ್ನು ಹೂತುಹಾಕುವುದು ರಾಷ್ಟ್ರೀಯ ಹಾಗೂ ಧಾರ್ಮಿಕ ಕರ್ತವ್ಯ ಎಂದ. ನಮ್ಮ ಉಸ್ತಾದರು ಓದಿದ ಸೂಕ್ತವನ್ನೇ ಅವನೂ ಓದಿದ. ಆಮೇಲೆ ಆ ದೇಶದಲ್ಲಿ ಲಕ್ಷಾಂತರ ಜನ ಸತ್ತರು. ಇರಾನಿನಲ್ಲಿ 2009ರ ಚುನಾವಣೆಯ ಫಲಿತಾಂಶವನ್ನು ಪ್ರಶ್ನಿಸಿ ಬೀದಿಗೆ ಬಂದವರ ಚಳವಳಿಗೆ ಸರಕಾರ ಫಿತ್ನೆ ಎಂದು ಹೆಸರಿಟ್ಟಿತು, ಮೂಸವಿ ಮತ್ತು ಕರ್ರೂಬಿ ಅವರನ್ನು ಫಿತ್ನೆಯ ಮುಖಂಡರೆಂದು ಕರೆದು 2011ರಲ್ಲಿ ಮನೆಯಲ್ಲೇ ಬಂಧಿಸಿತು. ಶಿಯಾ ಸರಕಾರ ಇದನ್ನು ಮಾಡಿದರೆ, ಅದರ ಎದುರಾಳಿಯಾದ ಸೌದಿಯ ಹಿರಿಯ ವಿದ್ವಾಂಸರ ಮಂಡಳಿ 2011ರಲ್ಲಿ ಪ್ರತಿಭಟನಾ ಮೆರವಣಿಗೆಗಳೇ ನಿಷಿದ್ಧ ಎಂದಿತು. ಬೇರೆ ಯಾವುದರಲ್ಲೂ ಒಮ್ಮತವಿಲ್ಲದವರಿಗೆ ಇದರಲ್ಲಿ ಒಮ್ಮತ! ಪಾಕಿಸ್ತಾನ ಸರಕಾರವಂತೂ 2024ರಲ್ಲಿ ಅಲ್ಲಿಯ ತಾಲಿಬಾನ್ ಗುಂಪನ್ನು ಫಿತ್ನಾ ಅಲ್ ಖವಾರಿಜ್ (ಖವಾರಿಜ್ ಎಂದರೆ ಇಸ್ಲಾಮಿನ ಆದಿಕಾಲದ ಬಂಡುಕೋರ ಪಂಗಡ) ಎಂದು ಕರೆಯಬೇಕೆಂದು ಆದೇಶ ಹೊರಡಿಸಿತು, ಮರುವರ್ಷ ಬಲೂಚ್ ಬಂಡುಕೋರರಿಗೆ ಫಿತ್ನಾ ಅಲ್ ಹಿಂದುಸ್ತಾನ್ ಎಂಬ ಹೆಸರು ಬಂತು. ಆ ಗುಂಪುಗಳ ಕೈಗೆ ರಕ್ತ ಅಂಟಿರುವುದು ಬೇರೆ ಮಾತು, ಆದರೆ ಸರಕಾರಿ ಆದೇಶದಲ್ಲಿ ಧರ್ಮಶಾಸ್ತ್ರದ ಪದ ಹುಡುಕುವ ಗರಜು ನೋಡಿ. ಈ ಸಾಲಿನಲ್ಲಿ ನಮ್ಮ ತಾಲ್ಲೂಕಿನ ಮಸೀದಿ ಸಮಿತಿಯೂ ನಿಲ್ಲಬೇಕೇ?

ಹೆಂಗಸರ ವಿಷಯ ಎತ್ತದೆ ಈ ಪತ್ರ ಮುಗಿಸಲಾರೆ. ನಮ್ಮ ಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಮಸೀದಿಯಲ್ಲಿ, ದೂರ ಪ್ರಯಾಣದ ಹೆಂಗಸರು ವುಝೂ (ಅಂಗಶುದ್ಧಿ) ಮಾಡಿ ಎರಡು ರಕಅತ್ ನಮಾಝ್ ಮುಗಿಸಲು ಒಂದು ಮರೆಯಿರುವ ಕೋಣೆ ಕೊಡಿ ಎಂದು ನಾವು ಕೆಲವರು ಮನವಿ ಕೊಟ್ಟೆವು. ಬಂದ ಉತ್ತರ ಒಂದೇ ಪದದ್ದು. ಫಿತ್ನಾ. ಆಸ್ಪತ್ರೆಗೆಂದು ಮಂಗಳೂರಿಗೆ ಹೋಗಿ ಮಗ್ರಿಬ್ (ಮುಸ್ಸಂಜೆ) ಹೊತ್ತಿಗೆ ಮರಳುವ ಮುದುಕಿಯರೂ ಇದರಲ್ಲಿ ಬಂದರು. ಪುರುಷರಿಗೆ ಹೆಣ್ಣಿನಷ್ಟು ಕಠಿಣವಾದ ಫಿತ್ನಾ ಇನ್ನೊಂದಿಲ್ಲ ಎಂಬ ಹದೀಸನ್ನು ನೀವು ನೆನಪಿಸುತ್ತೀರಿ. ಆ ಹದೀಸಿನಲ್ಲಿ ಪರೀಕ್ಷೆಗೆ ಒಳಗಾದವನು ಗಂಡಸು. ಪರೀಕ್ಷೆ ಬರೆಯಬೇಕಾದವನು ಅವನು, ದಂಡ ಕಟ್ಟುವವರು ನಾವು! ಮಕ್ಕಳೂ ಫಿತ್ನಾ ಎಂದು ಕುರ್‌ಆನ್ ಹೇಳಿತಲ್ಲ, ಮಕ್ಕಳನ್ನು ಮದ್ರಸದಿಂದ ಹೊರಗಿಟ್ಟಿದ್ದೇವೆಯೇ? ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬೇಡಿ ಎಂಬ ವಚನವೂ ಹದೀಸೇ. ಅದನ್ನು ವರದಿ ಮಾಡಿದವರು ಮತ್ತೆ ಅದೇ ಇಬ್ನ್ ಉಮರ್(ರ). ನಾವು ತಡೆಯುತ್ತೇವೆ, ಹೆಂಗಸರು ಅದನ್ನು ನೆಪ ಮಾಡಿಕೊಳ್ಳುತ್ತಾರೆ ಎಂದ ಸ್ವಂತ ಮಗನನ್ನೇ ಅವರು ಗದರಿದ್ದನ್ನು ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿ ಓದಬಹುದು. ಹೆಂಗಸರಿಗೆ ಮನೆಯ ನಮಾಝೇ ಶ್ರೇಷ್ಠ ಎಂಬ ನಿಮ್ಮ ಅಭಿಪ್ರಾಯಕ್ಕೆ ಫಿಕ್ಹ್‌ನಲ್ಲಿ (ಧರ್ಮಶಾಸ್ತ್ರದಲ್ಲಿ) ಆಧಾರವಿದೆ, ಅದನ್ನು ಗೌರವಿಸುತ್ತೇನೆ, ಆ ಚರ್ಚೆಯನ್ನು ಇಲ್ಲಿ ತೆಗೆಯುವುದಿಲ್ಲ. ಕೋಣೆ ಕೊಡಲಾಗದಿದ್ದರೆ ಜಾಗವಿಲ್ಲ ಎನ್ನಿ, ದುಡ್ಡಿಲ್ಲ ಎನ್ನಿ. ಸುಮಯ್ಯಾ(ರ) ಅವರಂಥ ಹೆಣ್ಣು ಅನುಭವಿಸಿದ ಹಿಂಸೆಯ ಹೆಸರನ್ನು ಬಸ್ಸಿಗೆ ಕಾಯುವ ಹೆಣ್ಣಿಗೆ ಅಂಟಿಸಬೇಡಿ.

ಇನ್ನು ನನ್ನ ಕೋರಿಕೆಗಳು. ಖತೀಬರಲ್ಲಿ ಮೊದಲನೆಯದು: ಅಲ್ ಬಕರದ ಆ ತುಂಡನ್ನು ಓದುವಾಗ 190ರಿಂದ 193ರವರೆಗೆ ಪೂರ್ತಿ ಓದಿ, ಯಾರು ಯಾರ ಮೇಲೆ ಎಸಗಿದ ಫಿತ್ನಾ ಎಂದು ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ಊರಿನ ಜೀವಂತ ವ್ಯಕ್ತಿಯ ಬಗ್ಗೆ, ಅವನಿಗೆ ಉತ್ತರಿಸಲು ಅವಕಾಶವಿಲ್ಲದ ಮಿಂಬರಿನಿಂದ, ಹೆಸರು ಹೇಳಿಯೂ ಹೇಳದೆಯೂ ಆ ಪದ ಬಳಸಬೇಡಿ. ನಮಾಝಿನ ಕೊನೆಯಲ್ಲಿ ನೀವೂ ನಾವೂ ಬದುಕಿನ ಹಾಗೂ ಸಾವಿನ ಫಿತ್ನಾದಿಂದ ಅಭಯ ಬೇಡುತ್ತೇವೆ. ಬೇಡುವಾಗ ಅದು ನಮ್ಮೆಲ್ಲರಿಗೂ ತಗಲುವ ಪರೀಕ್ಷೆ, ಭಾಷಣದಲ್ಲಿ ಮಾತ್ರ ನೆರೆಮನೆಯ ಹುಡುಗ ಎಂದಾಗುವುದು ಸರಿಯಲ್ಲ.

ಸಮಿತಿಗಳಿಗೆ ಹೇಳಬೇಕಾದದ್ದರಲ್ಲಿ ಧರ್ಮದಷ್ಟೇ ಕಾನೂನೂ ಇದೆ. 1995ರ ವಕ್ಫ್ ಕಾಯ್ದೆಯಂತೆ ವಕ್ಫ್ ಆಸ್ತಿ ನೋಡಿಕೊಳ್ಳುವವರು ಲೆಕ್ಕ ಇಡಬೇಕು, ವರ್ಷ ವರ್ಷ ವಕ್ಫ್ ಮಂಡಳಿಗೆ ಒಪ್ಪಿಸಬೇಕು, ಆ ಲೆಕ್ಕ ಆಡಿಟ್ ಆಗಬೇಕು. ಮಂಡಳಿಗೆ ಕಳಿಸುವ ಪ್ರತಿಯ ಇನ್ನೊಂದು ನಕಲನ್ನು ಮಸೀದಿಯ ನೋಟಿಸ್ ಬೋರ್ಡಿಗೆ ಹಚ್ಚಲು ಹೆಚ್ಚುವರಿ ಕೆಲಸವೇನೂ ಬೀಳುವುದಿಲ್ಲ. ಮಹಾಸಭೆಯ ನೋಟಿಸಿನಲ್ಲಿ ಲೆಕ್ಕಪತ್ರ ಮಂಡನೆಯನ್ನು ಮೊದಲ ವಿಷಯವಾಗಿ ಹಾಕಿ, "ಇತರ ವಿಷಯ"ದಲ್ಲಿ ಸಂಜೆಯ ಅಸರ್ ನಮಾಝಿನ ಬಾಂಗ್ ಕೇಳುವ ಹೊತ್ತಿಗೆ ತರಬೇಡಿ. ಪ್ರಶ್ನೆಗಳನ್ನು ಬರಹದಲ್ಲಿ ತೆಗೆದುಕೊಂಡು ಬರಹದಲ್ಲೇ ಉತ್ತರಿಸಿ, ಹೆಂಗಸರ ಪ್ರಶ್ನೆಗಳನ್ನೂ ಸೇರಿಸಿ. ಮದುವೆಯ ಪತ್ರ, ದಫನಿಗೆ ಜಾಗ, ಮದ್ರಸ ಸೇರ್ಪಡೆ, ಇವನ್ನು ಶಿಸ್ತುಕ್ರಮದ ಅಸ್ತ್ರ ಮಾಡಿಕೊಳ್ಳುವುದಿಲ್ಲ ಎಂದು ಒಂದು ನಿರ್ಣಯ ಬರೆದು ಸಹಿ ಹಾಕಿ.

ನಮ್ಮ ಪೇಟೆಯ ಸಮಿತಿಗೆ ಪ್ರತ್ಯೇಕವಾಗಿ ಒಂದು ಮಾತು. ಆ ಹುಡುಗ ರಜೆ ಮುಗಿಸಿ ಹೊರಟುಹೋಗಿದ್ದಾನೆ, ಅವನ ತಂದೆತಾಯಿ ಇಲ್ಲೇ ಇದ್ದಾರೆ. ಯಾವ ಮೈಕಿನಲ್ಲಿ ಆ ಮಾತು ಬಂತೋ ಅದೇ ಮೈಕಿನಲ್ಲಿ, ಲೆಕ್ಕ ಕೇಳುವುದು ಜಮಾಅತಿನ ಸದಸ್ಯನ ಹಕ್ಕು, ಅವನ ಬಗ್ಗೆ ಆಡಿದ ಮಾತನ್ನು ಹಿಂತೆಗೆದುಕೊಂಡಿದ್ದೇವೆ ಎಂದು ಒಂದು ಜುಮಾ ದಿನ ಹೇಳಿ. ಅವನ ತಂಗಿಯ ನಿಕಾಹ್ ಪತ್ರವನ್ನು ಈ ವಾರವೇ ಅವರ ಮನೆಗೆ ತಲುಪಿಸಿ.

ವಸ್ಸಲಾಂ,

ಜಮಾಅತಿನ ಒಬ್ಬ ಹೆಣ್ಣುಮಗಳು
ದಕ್ಷಿಣ ಕನ್ನಡ